ನೈಟ್ರೋ ಬಗ್ಗಿಗೆ ನೀರು ಹೊಡೀಬಹುದಾ?

ಹೊಸಬ_ತುಮಕೂರು:
ಎಲ್ರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ 1/8 ಸ್ಕೇಲ್ ನೈಟ್ರೋ ಬಗ್ಗಿ (ನೈಟ್ರೋ ಫ್ಯೂಯಲ್ ಇಂಜಿನ್ ಇರೋ ರಿಮೋಟ್ ಕಾರು) ತಗೊಂಡು ಎರಡು ತಿಂಗ್ಳಾಯ್ತು, ಮನೆ ಹಿಂದೆ ಖಾಲಿ ಸೈಟಲ್ಲಿ ಓಡಿಸ್ತೀನಿ, ಪೂರಾ ಕೆಂಪು ಮಣ್ಣು. ಒಂದು ಟ್ಯಾಂಕ್ ಮುಗಿಯೋಷ್ಟರಲ್ಲಿ ಸೈಲೆನ್ಸರಿಂದ ಉಗಿಯೋ ಎಣ್ಣೆಗೆ ಧೂಳು ಅಂಟ್ಕೊಂಡು ಚಾಸಿ ಮೇಲೆಲ್ಲ ಹುಣಸೆಹಣ್ಣು ಕಿವುಚಿದಂಗೆ ಆಗಿರತ್ತೆ. ಹೋದ್ವಾರ ತಲೆಕೆಟ್ಟು ಬೈಕ್ ತೊಳೆಯೋ ಪ್ರೆಷರ್ ವಾಷರಲ್ಲೇ ಹೊಡೆದ್ಬಿಟ್ಟೆ, ಪಳಪಳ ಅಂತಿತ್ತು. ಇವತ್ತು ತೆಗೆದ್ರೆ ಹಿಂದಿನ ವೀಲ್ ಗರಗರ ಅಂತಿದೆ, ಸ್ಟೀರಿಂಗ್ ಸರ್ವೋ (ಮುಂದಿನ ವೀಲ್ ತಿರುಗ್ಸೋ ಪುಟ್ಟ ಮೋಟರ್) ನಡುಗ್ತಿದೆ. ನೀವೆಲ್ಲ ಹೇಗೆ ಕ್ಲೀನ್ ಮಾಡ್ತೀರಾ?

ಗ್ಲೋಪ್ಲಗ್_ಗೌಡ:
ಅಯ್ಯೋ ಗುರು, ಪ್ರೆಷರ್ ವಾಷರ್ ಅಪ್ಪಿತಪ್ಪಿನೂ ಬೇಡ. ಬೇರಿಂಗ್ ಸೀಲ್ ದಾಟಿ ಕೆಸರು ಒಳಗೆ ಹೋಗಿ ಗ್ರೀಸ್ ತೊಳ್ಕೊಂಡು ಹೋಗಿರತ್ತೆ. ಬೇರಿಂಗ್ ಬಿಚ್ಚಿ ಸೂಜೀಲಿ ಸೀಲ್ ಎತ್ತಿ ನೋಡು. ನಾನಂತೂ ನೀರೇ ಮುಟ್ಸಲ್ಲ. ಇಂಜಿನ್ ಪೂರ್ತಿ ತಣ್ಣಗಾದ್ಮೇಲೆ ಟ್ಯಾಂಕ್ ಖಾಲಿ ಮಾಡಿ, ಒಣಗಿದ ಪೇಂಟ್ ಬ್ರಷ್ಷಲ್ಲಿ ಮಣ್ಣು ಉದುರ್ಸಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ಪ್ರೇ ಮಾಡಿ ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜೋದು, ಗಾಡೀನ ಮೂತಿ ಮೇಲೆ ಮಾಡಿ ಹಿಡಿದ್ರೆ ಗಲೀಜೆಲ್ಲ ಹಿಂದೆ ಇಳಿದುಹೋಗತ್ತೆ. ಬಿಸಿ ಇಂಜಿನ್ ಮೇಲೆ ಮಾತ್ರ ಸ್ಪ್ರೇ ಬೇಡ, ಹತ್ಕೊಳತ್ತೆ. ಕೈಗೆ ಗ್ಲೌಸ್ ಹಾಕ್ಕೋ, ಫ್ಯೂಯಲ್‌ನಲ್ಲಿರೋ ಮೆಥನಾಲ್ ಚರ್ಮದಿಂದಲೂ ಒಳಗೆ ಹೋಗತ್ತೆ.

ಮೈಸೂರ್_ಬಫೂನ್:
ನಾನು ನೀರಲ್ಲೇ ತೊಳೀತೀನಿ ಗೌಡ್ರೇ, ಏನೂ ಆಗಿಲ್ಲ 😀 ಆದ್ರೆ ರಿಸೀವರ್ (ರಿಮೋಟ್ ಸಿಗ್ನಲ್ ಹಿಡಿಯೋ ಡಬ್ಬಿ), ಬ್ಯಾಟರಿ, ಸರ್ವೋ ಎಲ್ಲ ಬಿಚ್ಚಿ, ಕಾರ್ಬ್ (ಕಾರ್ಬ್ಯುರೇಟರ್) ಬಾಯಿಗೂ ಸೈಲೆನ್ಸರ್ ತುದಿಗೂ ಬಿರಡೆ ಹಾಕಿ, ಆಮೇಲೆ ಮಗ್ಗಲ್ಲಿ ಮೆಲ್ಲಗೆ. ತಕ್ಷಣ ಬ್ಲೋವರ್ ಹೊಡೆದು ಬೇರಿಂಗಿಗೆಲ್ಲ ಒಂದೊಂದು ಹನಿ ಎಣ್ಣೆ.

ಹಳೇ_ಪಿಸ್ಟನ್:
ಚಾಸಿ ಪಳಪಳ ಅನ್ನೋದು ಬಿಡ್ರಪ್ಪ, ಏರ್ ಫಿಲ್ಟರ್ ಬಗ್ಗೆ ಯಾರೂ ಕೇಳ್ತಿಲ್ವಲ್ಲ! ಫಿಲ್ಟರ್ ತೆಗೆಯೋ ಮುಂಚೆ ಅದರ ಸುತ್ತ ಒರೆಸಿ, ತೆಗೆದ ತಕ್ಷಣ ಕಾರ್ಬ್ ಬಾಯಿಗೆ ಬಟ್ಟೆ ತುರುಕಿ. ಇಯರ್‌ಬಡ್ಡಲ್ಲಿ ಫಿಲ್ಟರ್ ಕತ್ತಿನ ಒಳಭಾಗ ಒಂದ್ಸಲ ಸವರಿ ನೋಡಿ, ಕೆಂಪಾದ್ರೆ ಇಂಜಿನ್ ಮಣ್ಣು ತಿಂತಿದೆ ಅಂತ ಅರ್ಥ. ನಿಮಿಷಕ್ಕೆ 30 ಸಾವಿರ ಸುತ್ತು ತಿರುಗೋ ಇಂಜಿನ್ನಿನ ಪಿಸ್ಟನ್ನಿಗೆ ಆ ಮಣ್ಣು ಸ್ಯಾಂಡ್‌ಪೇಪರ್ ಇದ್ದಂಗೆ, ಕಂಪ್ರೆಷನ್ ಹೋಗಿಬಿಡತ್ತೆ. ಫಿಲ್ಟರ್ ಫೋಮನ್ನ, ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಹಿಚುಕಿ (ಹಿಂಡಬೇಡಿ, ಹರಿಯತ್ತೆ), ಪೂರ್ತಿ ಒಣಗ್ಸಿ, ಪ್ಲಾಸ್ಟಿಕ್ ಕವರಲ್ಲಿ ಹಾಕಿ ಫಿಲ್ಟರ್ ಆಯಿಲ್ ಬಿಟ್ಟು ಬಣ್ಣ ಎಲ್ಲಾ ಕಡೆ ಒಂದೇ ಥರ ಆಗೋವರೆಗೂ ಅಮುಕಿ. ಒಂದು ಸ್ಪೇರ್ ಇಟ್ಕೊಳಿ.

ಇನ್ನೊಂದು, ಓಡ್ಸಾದ್ಮೇಲೆ ಉಳಿದ ಫ್ಯೂಯಲ್ ಇಂಜಿನ್ ಓಡ್ಸೇ ಖಾಲಿ ಮಾಡಿ, ಗ್ಲೋ ಪ್ಲಗ್ (ಫ್ಯೂಯಲ್ ಹೊತ್ತಿಸೋ ಪ್ಲಗ್) ಬಿಚ್ಚಿ ನಾಲ್ಕು ಹನಿ ಆಫ್ಟರ್‌ರನ್ ಆಯಿಲ್ (ಓಡ್ಸಾದ್ಮೇಲೆ ತುಕ್ಕು ಹಿಡೀದಂಗೆ ಹಾಕೋ ಎಣ್ಣೆ) ಬಿಟ್ಟು ಫ್ಲೈವೀಲ್ ತಿರುಗಿಸಿ. ಮೆಥನಾಲ್ ಗಾಳಿಯಲ್ಲಿರೋ ತೇವ ಹೀರ್ಕೊಂಡು ಒಳಗಿನ ಬೇರಿಂಗಿಗೆ ತುಕ್ಕು ಹಿಡಿಸತ್ತೆ. ಪಿಸ್ಟನ್ನನ್ನ ಮೇಲ್ತುದೀಲಿ ನಿಲ್ಲಿಸ್ಬೇಡಿ, ಅಲ್ಲಿ ಸ್ಲೀವ್ (ಪಿಸ್ಟನ್ ಓಡಾಡೋ ಕೊಳವೆ) ಬಿಗಿ, ಕೆಳಗೆ ಇಳಿಸಿಡಿ.

ಹೊಸಬ_ತುಮಕೂರು:
ಪಿಸ್ಟನ್ ಸಾರ್, ಇಯರ್‌ಬಡ್ ಹಾಕಿ ನೋಡ್ದೆ. ಕುಂಕುಮದಲ್ಲಿ ಅದ್ದಿದಂಗಿದೆ 😭 ಬೇರಿಂಗೂ ಬಿಚ್ಚಿದೆ, ಒಳಗೆ ಬರೀ ಕೆಸರು. ಎರಡೂ ಕಡೆ ಹೊಸ ಬೇರಿಂಗ್ ಹುಡುಕ್ತಿದೀನಿ. ಸರ್ವೋ ಬಿಚ್ಚಿ ಅಕ್ಕಿ ಡಬ್ಬೀಲಿ ಇಟ್ಟಿದ್ದೆ, ಅಮ್ಮ ನೋಡ್ಬಿಟ್ರು.