ಮಾಳಮಡ್ಡಿಯೊಳಗಿನ ಅಪ್ಪನ ಮನಿ 62 ಲಕ್ಷಕ್ಕ ಕೇಳ್ಯಾರ್ರಿ, ಕೊಡೂಣೋ ಬ್ಯಾಡೋ?

ಪ್ರಶ್ನೆ (ಪುಣೆಯಿಂದ ಒಬ್ಬ ಸದಸ್ಯೆ)

ವಕೀಲ್ ಸರ್ ನಮಸ್ಕಾರ. ಧಾರವಾಡ ಮಾಳಮಡ್ಡಿಯೊಳಗ ನಮ್ಮಪ್ಪ 1968ರಾಗ ಸ್ವಂತ ದುಡದ ರೊಕ್ಕದಲೇ ಜಾಗಾ ತಗೊಂಡು ಕಟ್ಟಿಸಿದ ಹಂಚಿನ ಮನಿ ಐತ್ರಿ, 3 ಗುಂಟೆ ಜಾಗಾ. ಅಪ್ಪ 2019ರಾಗ ತೀರಿಕೊಂಡ್ರು, ವಿಲ್ ಬರದಿಟ್ಟಿಲ್ಲ. ಅವ್ವ, ಅಣ್ಣ, ನಾನು, ತಮ್ಮ ನಾಲ್ಕು ಮಂದಿ ಅದೀವಿ. ಅವ್ವ ಅಣ್ಣನ ಕಡೆ ಸಪ್ತಾಪುರದಾಗ ಇರ್ತಾಳ. ಮನಿಗೆ ಮೂರು ವರ್ಷದಿಂದ ಕೀಲಿ, ಹೋದ ಮಳಿಗಾಲದಾಗ ಅಡಗಿಮನಿ ಮ್ಯಾಲಿನ ಹಂಚು ಜಾರಿ ಗ್ವಾಡಿ ನೆನದು ಒಂದು ಮಗ್ಗಲ ಕುಸದೇತ್ರಿ.

ಈಗ ಒಬ್ಬರು 62 ಲಕ್ಷಕ್ಕ ಕೇಳ್ಯಾರ. ಎರಡು ಓಣಿ ಆಚೆ ಇಷ್ಟೇ ಜಾಗಾ 90ಕ್ಕ ಹೋತು ಅಂತ ಮಂದಿ ಹೇಳ್ತಾರ. ಈ ತಗೊಳ್ಳಾಂವ್ರು ಅನ್ನೋದು ಏನಂದ್ರ ಉತಾರದಾಗ (ಆಸ್ತಿ ಯಾರ ಹೆಸರಿಲೆ ಐತಿ ಅನ್ನೋ ಸರ್ಕಾರಿ ದಾಖಲೆ) ಇನ್ನೂ ನಿಮ್ಮಪ್ಪನ ಹೆಸರೇ ಐತಿ, ಹಳೇ ಸೊಸೈಟಿ ಸಾಲದ ಬೋಜಾ, ಅಂದ್ರ ಆಸ್ತಿ ಮ್ಯಾಲ ಸಾಲ ಐತಿ ಅನ್ನೋ ನಮೂದು, ಬ್ಯಾರೆ ಐತಿ (ಆ ಸಾಲ ಅಪ್ಪ ಇದ್ದಾಗಲೇ ತೀರಸ್ಯಾರ), ಇದಕ್ಕಿಂತ ಹೆಚ್ಚು ಯಾರೂ ಕೊಡೂದಿಲ್ಲ, ಕಾಗದದಾಗ 45 ತೋರಸೂಣು ಉಳದ 17 ನಗದು ಕೊಡ್ತೀನಿ ಅಂತ. ಅಣ್ಣ ಎರಡು ಲಕ್ಷ ಸಂಚಕಾರ (ಮುಂಗಡ) ಇಸ್ಕೊಂಡು ಮುಗಸೂಣು ಅಂತಾನ, ತಮ್ಮ ಮಾರೂದೇ ಬ್ಯಾಡ ಅಂತಾನ. ನನಗ ಹಿತ್ತಲದಾಗಿನ ಪ್ಯಾರಲ ಗಿಡ ನೆನಸಿಕೊಂಡ್ರ ಕರಳು ಚುರ್ ಅಂತೈತಿ, ಆದ್ರ ಗ್ವಾಡಿ ನೋಡಿದ್ರ ಹೆದರಿಕಿ ಬರ್ತೈತಿ. ಏನ್ ಮಾಡೂಣ್ರಿ?

ಉತ್ತರ (ಧಾರವಾಡದ ವಕೀಲರು)

ತಂಗಿ, ಮೊದಲ ಅಣ್ಣಗ ಫೋನ್ ಮಾಡಿ ಸಂಚಕಾರ ಇಸ್ಕೋಬ್ಯಾಡ ಅಂತ ಹೇಳ್ರಿ. ನಿಮ್ಮಪ್ಪನ ಸ್ವಯಾರ್ಜಿತ ಆಸ್ತಿ, ವಿಲ್ ಇಲ್ಲ, ಹಂಗಾಗಿ 1956ರ ಹಿಂದೂ ವಾರಸಾ ಕಾಯ್ದೆ ಪ್ರಕಾರ ನಾಲ್ಕೂ ಮಂದಿಗೆ ಸಮಪಾಲು, ಹೆಣ್ಣುಮಗಳು ಮದುವ್ಯಾಗಿ ಹೋಗ್ಯಾಳ ಅಂತ ಕಡಿಮಿ ಆಗೂದಿಲ್ಲ, ಅವ್ವಗೂ ಅಷ್ಟೇ. ಅಣ್ಣ ಒಬ್ಬನೇ ಸಹಿ ಮಾಡಿದ್ರ ಅದು ನಿಮ್ಮ ಮೂವರ ಪಾಲಿಗೆ ಹತ್ತೂದಿಲ್ಲ ಖರೆ, ಆದ್ರ ಅವನ ಪಾಲಿನ ಮ್ಯಾಲ ದಾವೆ ಬೀಳತೈತಿ, ಆಮ್ಯಾಲ ಬ್ಯಾರೆ ಯಾರೂ ಆ ಮನಿ ಕಡೆ ಹಣಿಕಿ ಹಾಕೂದಿಲ್ಲ.

ಇನ್ನ ರೇಟಿನ ಮಾತು. 90ಕ್ಕ ಹೋತು ಅನ್ನೋ ಮನಿಯ ಸಿಟಿಎಸ್ ನಂಬರ್ (ಸಿಟಿ ಸರ್ವೆದಾಗಿನ ಆಸ್ತಿ ನಂಬರ್) ಹುಡುಕಿ ಇಸಿ (ಋಣಭಾರ ಪ್ರಮಾಣಪತ್ರ) ತಗಸ್ರಿ, ಎಷ್ಟಕ್ಕ ನೋಂದಣಿ ಆಗೇತಿ ಅಂತ ಅದರಾಗ ಬರ್ತೈತಿ. ಅದು ರೋಡಿಗೆ ಹತ್ತಿದ್ದೋ ಸಂದಿಯೊಳಗಿಂದೋ ನೀವೇ ಹೋಗಿ ನೋಡ್ರಿ. ನಿಮ್ಮ ಓಣಿಯ ಮಾರ್ಗಸೂಚಿ ಬೆಲೆ (ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಬೆಲೆ) ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನ್ಯಾಗ ಸಿಗತೈತಿ, ಅದನ್ನೂ ಬರ್ಕೊಳ್ರಿ. 1968ರ ಕಟ್ಟಡಕ್ಕ ಈಗ ಯಾರೂ ರೊಕ್ಕ ಕೊಡೂದಿಲ್ಲ, ಬೆಲೆ ಇರೋದು ಜಾಗಾಕ್ಕ.

ನಾ ನೋಡಿದ ಕೇಸಿನ್ಯಾಗ ಭಾಳಷ್ಟು ಇದೇ ಕಥಿ. ತಗೊಳ್ಳಾಂವ ಕಡಿಮಿ ಕೇಳೋದು ಮನಿಗಲ್ಲ, ನಿಮ್ಮ ಕಾಗದಕ್ಕ. ವಾರಸಾ ಹಚ್ಚಿಲ್ಲ (ದಾಖಲೆದಾಗ ವಾರಸುದಾರರ ಹೆಸರು ಏರಿಸಿಲ್ಲ), ಬೋಜಾ ತಗಸಿಲ್ಲ, ಇ-ಖಾತಾ (ಪಾಲಿಕೆಯ ಕಂಪ್ಯೂಟರ್ ಆಸ್ತಿ ದಾಖಲೆ) ಆಗಿಲ್ಲ, ಈ ಮೂರೂ ಅಂವ ನಿಮ್ಮ ತಲಿ ಮ್ಯಾಲ ಹಾಕಿ ಲಕ್ಷಗಟ್ಟಲೆ ಮುರ್ಕೊಳ್ಳಾಕತ್ಯಾನ, ಮತ್ತ ಇದೇ ಕೆಲಸ ಅವನಾದ್ರೂ ನಿಮ್ಮ ನಾಲ್ಕೂ ಮಂದಿ ಸಹಿ ತಗೊಂಡೇ ಮಾಡ್ಸಬೇಕು. ಇ-ಖಾತಾ ಇಲ್ಲದ ಈಗ ನೋಂದಣಿನೇ ಆಗೂದಿಲ್ಲ. ಮರಣ ದಾಖಲೆ, ನಾಡಕಚೇರಿಯಿಂದ ವಂಶವೃಕ್ಷ, ಅವನ್ನ ಹಚ್ಚಿ ಸಿಟಿ ಸರ್ವೆ ಆಫೀಸಿನ್ಯಾಗ ವಾರಸಾ ಅರ್ಜಿ, ಆಮ್ಯಾಲ ಪಾಲಿಕೆಯೊಳಗ ಖಾತಾ. ಖರ್ಚು ದೊಡ್ಡದಲ್ಲ, ತಿರುಗಾಟ ಐತಿ.

ಅದಕ್ಕ 62ಕ್ಕ ಹೂಂ ಅನಬ್ಯಾಡ್ರಿ, ಅವರನ್ನ ಓಡಸ್ಲೂ ಬ್ಯಾಡ್ರಿ. "ನಾವು ವಾರಸಾ ಹಚ್ಚಿ ಬೋಜಾ ತಗಸಿ ಇ-ಖಾತಾ ಮಾಡಿಸಿ ಕೊಟ್ರ ಎಷ್ಟು ಕೊಡ್ತೀರಿ?" ಅಂತ ಕೇಳಿ ನೋಡ್ರಿ. ಏರಿಸಿದ್ರ ಅಂವ ಮುರಕೊಂಡಿದ್ದು ಕಾಗದದ ಸಲುವಾಗಿ ಅಂತ ತಿಳೀತು. ಏರಸಲಿಲ್ಲ ಅಂದ್ರ ನಿಮ್ಮ ಗಡಿಬಿಡಿ ನೋಡಿ ಕೇಳ್ಯಾನ.

45 ಕಾಗದ, 17 ನಗದು, ಇದಕ್ಕ ಮಾತ್ರ ಒಪ್ಪಬ್ಯಾಡ್ರಿ. ಮುದ್ರಾಂಕ ಶುಲ್ಕ ಮಾರ್ಗಸೂಚಿ ಬೆಲೆ ಮತ್ತ ಪತ್ರದಾಗಿನ ಬೆಲೆ ಎರಡರಾಗ ಯಾವುದು ಹೆಚ್ಚೋ ಅದರ ಮ್ಯಾಲ. ನಿಮ್ಮ ಜಾಗಾದ ಮಾರ್ಗಸೂಚಿ ಬೆಲೆ 58 ಲಕ್ಷ ಇತ್ತು ಅಂತ ಹಿಡೀರಿ, 45 ಬರದ್ರೂ ಶುಲ್ಕ 58ರ ಮ್ಯಾಲೇ ಕಟ್ಟಬೇಕು. ವ್ಯತ್ಯಾಸ ನೂರಕ್ಕ 10ಕ್ಕಿಂತ ಹೆಚ್ಚಾದ್ರ ಇನ್ಕಮ್ ಟ್ಯಾಕ್ಸ್‌ನವರೂ ನೀವು 58ಕ್ಕೇ ಮಾರೀರಿ ಅಂತ ಲೆಕ್ಕ ಹಿಡೀತಾರ, ತಗೊಂಡವಗೂ ಆ ವ್ಯತ್ಯಾಸದ ಮ್ಯಾಲ ಟ್ಯಾಕ್ಸ್. ಮನಿ ಮಾರಾಟಕ್ಕ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಇಸ್ಕೊಂಡ್ರ ಇಸ್ಕೊಂಡಷ್ಟೇ ದಂಡ ಹಾಕಾಕ ಕಾನೂನಿನ್ಯಾಗ ಅವಕಾಶ ಐತಿ.

ನಿವೃತ್ತ ಬ್ಯಾಂಕ್ ನೌಕರರು, ಹುಬ್ಬಳ್ಳಿ

ಬೋಜಾಕ್ಕ ಹೆದರಬ್ಯಾಡ್ರಿ ಅಕ್ಕಾರ. ಸೊಸೈಟಿಯಿಂದ ಸಾಲ ಬಾಕಿ ಇಲ್ಲ ಅಂತ ಪತ್ರ ತಗೊಂಡು ಸಿಟಿ ಸರ್ವೆದಾಗ ಕೊಟ್ರ ಅದನ್ನ ತಗದ ಹಾಕ್ತಾರ. ನಮ್ಮ ಮಾವನವರ ಮನಿಯದು ಹಿಂಗ ಇತ್ತು, ಹಳೇ ರಸೀದಿ ಟ್ರಂಕಿನ್ಯಾಗ ಸಿಕ್ಕು ಅಂತ ಲಗೂ ಆತು, ನಿಮ್ಮಪ್ಪನ ಟ್ರಂಕು ಕಪಾಟು ಹುಡುಕ್ರಿ, ಗ್ವಾಡಿ ನೆನದೇತಿ ಅಂತೀರಿ, ಕಾಗದ ಹಾಳಾಗೂಕಿಂತ ಮೊದಲ.

ಮೈಸೂರಿಂದ ಒಬ್ರು

ವಕೀಲರು ಹೇಳಿದ್ದು ಸರಿ, ಆದ್ರೆ 90 ಬರ್ಲಿ ಅಂತ ಕಾಯ್ತಾ ಕೂತ್ಕೋಬೇಡಿ ಅಕ್ಕ. ನಾವು ನಮ್ಮ ತಾತನ ಮನೆ ಹಂಗೆ ಕಾದ್ವಿ, ನಾಲ್ಕು ವರ್ಷ ಆದ್ಮೇಲೆ ಛಾವಣಿ ಬಿದ್ದೋಯ್ತು, ಕೊನೆಗೆ ಮೊದಲು ಬಂದಿದ್ದ ರೇಟಿಗಿಂತ ಕಮ್ಮಿಗೆ ಕೊಟ್ವಿ. 62 ಲಕ್ಷಕ್ಕೆ ನೂರಕ್ಕೆ ಆರೂವರೆ ಬಡ್ಡಿ ಹಿಡಿದ್ರೂ ವರ್ಷಕ್ಕೆ 4 ಲಕ್ಷ ಆಗತ್ತೆ, ಎರಡು ವರ್ಷ ಕಾದ್ರೆ 70 ಬಂದ್ರೇನೇ ಈಗಿನ 62ಕ್ಕೆ ಸಮ, ರಿಪೇರಿ ಕಂದಾಯ ಎಲ್ಲ ಬೇರೆ.

ವಕೀಲರು

ಇವರ ಲೆಕ್ಕ ಬರದಿಟ್ಕೊಳ್ರಿ. ಆರು ತಿಂಗಳು ಅಂತ ಒಂದು ಗಡುವು ನಿಮ್ಮೊಳಗ ಹಾಕ್ಕೊಳ್ರಿ, ಅಷ್ಟರಾಗ ಕಾಗದ ಮುಗಸ್ರಿ, ಮಳಿಗಿಂತ ಮೊದಲ ಅಡಗಿಮನಿ ಮ್ಯಾಲ ಒಂದು ತಾಡಪತ್ರಿ ಹಾಕಸ್ರಿ. ತಮ್ಮಗ ಮನಿ ಉಳಸೋ ಮನಸಿದ್ರ ಹೊರಗಿನವ್ರು ಕೊಡೋ ರೇಟಿಗೇ ನಿಮ್ಮ ಪಾಲು ಅಂವ ತಗೋಬಹುದು, ವಾರಸುದಾರ ಒಬ್ಬ ತನ್ನ ಪಾಲು ಮಾರ್ತೀನಿ ಅಂದಾಗ ಉಳದವರಿಗೆ ಮೊದಲ ತಗೊಳ್ಳೋ ಹಕ್ಕು ಕಾಯ್ದೆಯೊಳಗೇ ಐತಿ. ರೊಕ್ಕ ಹಾಕಾಕ ಆಗೂದಿಲ್ಲ ಬರೇ ಬ್ಯಾಡ ಅಂತಾನ ಅಂದ್ರ ಗ್ವಾಡಿ ಫೋಟೋ ಕಳಸ್ರಿ.

ಪ್ರಶ್ನೆ ಕೇಳಿದವರು (ಒಂಬತ್ತು ದಿನದ ಮ್ಯಾಲ)

ಸರ್, ನೀವು ಹೇಳಿದಂಗ ಕೇಳಿದ್ವಿ. ಎರಡು ದಿನ ಸುಮ್ಮನಿದ್ದು ಕಾಗದ ಕ್ಲಿಯರ್ ಮಾಡಿ ಕೊಟ್ರ 71, ಪೂರಾ ಚೆಕ್‌ನಲ್ಲೇ ಅಂದ್ರು! ಅಣ್ಣನೂ ತಡೀತೀನಿ ಅಂದಾನ. ಮಾರ್ಗಸೂಚಿ ಬೆಲೆ 57 ಚಿಲ್ಲರೆ ಐತಿ. 90ರ ಮನಿ ಮೇನ್ ರೋಡಿಗೆ ಹತ್ತಿದ್ದು, ಕಾರ್ನರ್. ತಮ್ಮ ಫೋಟೋ ನೋಡಿ ರಾತ್ರಿ ಫೋನ್ ಮಾಡಿ ಅತ್ತ, ಮಾರೂಣು ಅಂದ. 71ಕ್ಕ ಕೊಡೂಣೇನ್ರಿ? ಟ್ಯಾಕ್ಸ್ ಎಷ್ಟು ಬರ್ತೈತಿ?

ವಕೀಲರು

ಸಂದಿಯೊಳಗಿನ 3 ಗುಂಟೆ, ಬಿದ್ದ ಗ್ವಾಡಿ, ಪೂರಾ ಚೆಕ್, ನಾನಾಗಿದ್ರ 71ಕ್ಕ ಕೊಡ್ತಿದ್ದೆ. ಕಾಗದ ಆಗೂದ್ರಾಗ ಇನ್ನಿಬ್ಬರಿಗೆ ತೋರಿಸಿ ನೋಡ್ರಿ, ಹೆಚ್ಚು ಬಂದ್ರ ಚಲೋ ಆತು. ಟ್ಯಾಕ್ಸ್ ನಾಲ್ಕೂ ಮಂದಿಗೆ ಅವರವರ ಪಾಲಿಗೆ ಬ್ಯಾರೆ ಬ್ಯಾರೆ. 2001 ಏಪ್ರಿಲ್ 1ರ ಬೆಲೆ ಹಿಡದು ಅದರ ಮ್ಯಾಲಿನ ಲಾಭಕ್ಕ ನೂರಕ್ಕ 12.5, ಇಲ್ಲಾ ಇಂಡೆಕ್ಸೇಷನ್ ಹಚ್ಚಿ (ಆ ಬೆಲೆಯನ್ನ ತುಟ್ಟಿ ಏರಿದಷ್ಟು ಏರಿಸಿ) 20, ಯಾವುದು ಕಡಿಮಿನೋ ಅದು. ಆ 2001ರ ಬೆಲೆಗೆ ರಿಜಿಸ್ಟರ್ಡ್ ವ್ಯಾಲ್ಯುಯರ್ ಕಡೆ ರಿಪೋರ್ಟ್ ಮಾಡ್ಸ್ರಿ, ಸಿಎ ಅವರಿಗೆ ಅದೇ ಬೇಕು. ಪಾಲಿನ ರೊಕ್ಕದಾಗ ಬ್ಯಾರೆ ಮನಿ ತಗೊಳ್ಳೋ ವಿಚಾರ ಇದ್ರ ರಿಯಾಯಿತಿ ಐತಿ, ಅದನ್ನ ಮಾರೂಕಿಂತ ಮೊದಲ ಅವರನ್ನ ಕೇಳ್ರಿ.

ಮತ್ತ ಒಂದು, ಅವ್ವನ ಪಾಲು 17 ಲಕ್ಷ 75 ಸಾವಿರ ಅವ್ವನ ಖಾತೆಗೇ ಹೋಗಬೇಕು, ಅಣ್ಣನ ಖಾತೆಗಲ್ಲ, ಜಾಯಿಂಟಿಗೂ ಅಲ್ಲ. ವಾರಸಾ ಅರ್ಜಿಗೆ ಬರೋವಾಗ ಅವ್ವನ ಆಧಾರು, ಪಾಸ್‌ಬುಕ್ಕು, ಅಪ್ಪನ 1968ರ ಖರೀದಿ ಪತ್ರದ ಅಸಲು ಕೈಯಾಗ ಹಿಡಕೊಂಡು ಬರ್ರಿ.