ಕಾಳಿಂಗ, ಹೆಬ್ಬಾವು ಎರಡೂ ತೋಟದಲ್ಲಿವೆ, ಯಾವ್ದಕ್ಕೆ ಹೆದರ್ಬೇಕು? ಅನುಭವ ಇರೋರು ಹೇಳಿ

ಕೊಪ್ಪದ ಹತ್ರ ತೋಟದ ಮನೆಗೆ ಹೊಸದಾಗಿ ಬಂದಿದೀವಿ. ಮೊನ್ನೆ ಹಳ್ಳದ ಪಕ್ಕ ಕಾಳಿಂಗ ಕಾಣಿಸ್ತು, 12 ಅಡಿ ಇರ್ಬೇಕು. ಮೇಲಿನ ಗದ್ದೆ ಕಡೆ ಹೆಬ್ಬಾವೂ ಇದೆ ಅಂತಾರೆ ಪಕ್ಕದ್ಮನೆಯವ್ರು. ಮನೇಲಿ 4 ವರ್ಷದ ಮಗಳಿದಾಳೆ, ರಾತ್ರಿ ನಿದ್ದೆ ಬರ್ತಿಲ್ಲ. ನಿಜವಾಗ್ಲೂ ಯಾವ್ದು ಡೇಂಜರ್?

ತೀರ್ಥಹಳ್ಳಿಯಿಂದ:
ಅಕ್ಕಾ, ನಾವು ಆಗುಂಬೆ ಸೀಮೆಯವ್ರು. ವಿಷದ ಹಾವುಗಳಲ್ಲಿ ಪ್ರಪಂಚದಲ್ಲೇ ಉದ್ದ ಅಂದ್ರೆ ಕಾಳಿಂಗನೇ, 10-12 ಅಡಿ ಮಾಮೂಲಿ, 18 ಅಡಿ ದಾಟಿದ್ದೂ ದಾಖಲೆಯಲ್ಲಿದೆ. ಆದ್ರೆ ಅದು ಬರೋದು ಕೇರೆ ಹಾವು ಹುಡ್ಕೊಂಡು, ಬೇರೆ ಹಾವುಗಳೇ ಅದರ ಊಟ. ನಮ್ಮ ಕೊಟ್ಟಿಗೆ ಹತ್ರ ಒಂದು ಸೊಂಟದೆತ್ತರ ಹೆಡೆ ಎತ್ತಿ ನಿಂತಿತ್ತು, ಬುಸ್ ಅನ್ನೋ ಸದ್ದಲ್ಲ, ನಾಯಿ ಗುರ್ ಅಂದಂಗೆ ದಪ್ಪ ಧ್ವನಿ, ನಾವೆಲ್ಲ ಹಿಂದಕ್ಕೆ ಸರಿದು ಸುಮ್ನೆ ನಿಂತ್ವಿ, ಸ್ವಲ್ಪ ಹೊತ್ತಿಗೆ ಹೆಡೆ ಇಳಿಸಿ ಕಾಫಿ ಗಿಡದೊಳಗೆ ಹೋಯ್ತು. ಕಚ್ಚೋದು ತುಂಬಾ ಅಪರೂಪ. ಕಚ್ಚಿದ್ರೆ ಮಾತ್ರ ಕಷ್ಟ, ಒಂದೇ ಸಲಕ್ಕೆ ಇಳಿಸೋ ವಿಷ ಜಾಸ್ತಿ, ನಮ್ಮಲ್ಲಿ ಸಿಗೋ ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡೋ ಇಂಜೆಕ್ಷನ್) ಅದಕ್ಕೆ ಮಾಡಿದ್ದೂ ಅಲ್ಲ. ಬೇಸಿಗೆ ಕೊನೇಲಿ ತರಗೆಲೆ ಗುಡ್ಡೆ ಮಾಡಿ ಮೊಟ್ಟೆ ಇಡುತ್ತೆ, ಅಂಥ ಗುಡ್ಡೆ ಕಂಡ್ರೆ ಕೆದಕೋಕೆ ಹೋಗ್ಬೇಡಿ. ಮನೆ ಹತ್ರ ಬಂದ್ರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ತಾಲೂಕು ಆಸ್ಪತ್ರೆಯ ನರ್ಸ್:
ಇಷ್ಟು ವರ್ಷದ ಸರ್ವೀಸಲ್ಲಿ ಕಾಳಿಂಗ ಕಚ್ಚಿದ ಪೇಶೆಂಟ್ ನಾನು ನೋಡೇ ಇಲ್ಲ ಮೇಡಂ. ಬರೋದೆಲ್ಲ ಕೊಳಕುಮಂಡಲ, ನಾಗರ, ಕಟ್ಟು ಹಾವು, ಎಲ್ಲಾ ಮೂರ್ನಾಲ್ಕು ಅಡಿಯವು. ಕೊಳಕುಮಂಡಲ ಅನುಮಾನ ಇದ್ರೆ ಒಣಗಿದ ಗಾಜಿನ ಟ್ಯೂಬಲ್ಲಿ ಸ್ವಲ್ಪ ರಕ್ತ ತಗೊಂಡು 20 ನಿಮಿಷ ಅಲ್ಲಾಡಿಸದೆ ಇಡ್ತೀವಿ, ಆಮೇಲೆ ಬಗ್ಗಿಸಿದಾಗ ಹೆಪ್ಪುಗಟ್ಟದೆ ನೀರಾಗೇ ಹರಿದ್ರೆ ವಿಷ ರಕ್ತಕ್ಕೆ ಇಳಿದಿದೆ ಅಂತ ಗೊತ್ತಾಗುತ್ತೆ. ಮರಿ ಕಚ್ಚಿದ್ದು ಬಿಡಿ ಅಂತ ಯಾರೇ ಹೇಳಿದ್ರೂ ಕೇಳ್ಬೇಡಿ, ಮಂಡಲದ ಮರಿಗೆ ಹುಟ್ಟಿದಾಗಿಂದ್ಲೇ ವಿಷ ಇರುತ್ತೆ. ಮಗುಗೂ ದೊಡ್ಡವರಷ್ಟೇ ಡೋಸ್, ಔಷಧಿ ಕೊಡೋದು ಒಳಗೆ ಹೋಗಿರೋ ವಿಷಕ್ಕೆ, ಮೈತೂಕಕ್ಕಲ್ಲ.

ನಂಗೆ ಜಾಸ್ತಿ ಭಯ ಇರೋದು ಕಟ್ಟು ಹಾವಿಂದು. ರಾತ್ರಿ ನೆಲದ ಮೇಲೆ ಮಲಗಿದವ್ರಿಗೆ ಕಚ್ಚುತ್ತೆ, ಊತ ಇಲ್ಲ, ನೋವೂ ಅಷ್ಟಾಗಿ ಇಲ್ಲ, ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದು ಕೂತ್ಕೊಳ್ತಾರೆ, ಆಮೇಲೆ ರೆಪ್ಪೆ ಜೋತು ಬೀಳುತ್ತೆ, ಉಸಿರು ನಿಲ್ಲೋ ಹೊತ್ತಿಗೆ ವೆಂಟಿಲೇಟರ್ ಬೇಕು. ಮಗಳನ್ನ ಮಂಚದ ಮೇಲೆ ಮಲಗಿಸಿ, ಸೊಳ್ಳೆಪರದೆ ಅಂಚನ್ನ ಹಾಸಿಗೆ ಕೆಳಗೆ ಸಿಕ್ಸಿ.

ವಿಜಯಪುರ ಕಡೆಯಿಂದ:
ಅಕ್ಕಾರ, ನಮ್ಮ ಕಡೆ ಕಾಳಿಂಗ ಇಲ್ರಿ. ಕಲ್ಲಿನ ಸಂದ್ಯಾಗ ಗರಗಸ ಮಂಡಲ ಇರ್ತೈತಿ, ಉದ್ದ ಒಂದೂವರೆ ಅಡಿ ಅಷ್ಟ. ಸುತ್ತಿಕೊಂಡು ಮೈಗೆ ಮೈ ತಿಕ್ಕಿ ಸರ್ ಸರ್ ಸಪ್ಪಳ ಮಾಡ್ತೈತಿ. ನಮ್ಮ ಕಾಕಾಗ ತೊಗರಿ ಕೊಯ್ಯೂವಾಗ ಬೆರಳಿಗೆ ಕಚ್ಚಿತ್ತು, ಸಣ್ಣ ಹಾವು ಅಂತ ಮಂತ್ರ ಹಾಕಿಸ್ಕೊಂಡು ಕುಂತ್ರು, ಮರುದಿನ ವಸಡಿನಾಗ ರಕ್ತ ಬರಾಕತ್ತು, ಆವಾಗ ದವಾಖಾನಿಗೆ ಒಯ್ದಿವಿ. ಉಳದ್ರು, ಆದ್ರ ಬಾಳ ತ್ರಾಸ ಆತು.

ಹಾವು ಹಿಡಿಯೋ ಕೆಲಸ ಮಾಡೋನು, ಶೃಂಗೇರಿ:
ಹೆಬ್ಬಾವಿಗೆ ವಿಷಾನೇ ಇಲ್ಲ ಮೇಡಂ. ಕೋಳಿ, ನಾಯಿಮರಿಗೆ ಕಾಟ, ಗೂಡು ಭದ್ರ ಮಾಡಿ, ದೊಡ್ಡದಿದ್ರೆ ಮಗೂನ ಒಂಟಿಯಾಗಿ ಆ ಕಡೆ ಬಿಡ್ಬೇಡಿ, ಅಷ್ಟೇ. ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದಾರೆ ಅಂತ ಅಂದಾಜಿದೆ, ಅದ್ರಲ್ಲಿ ಹೆಚ್ಚಿನವ್ರು ಹಳ್ಳಿಯವ್ರು, ಹೊಲ ಗದ್ದೇಲಿ ದುಡಿಯೋರು. ಕತ್ತಲಾದ್ಮೇಲೆ ಟಾರ್ಚ್ ಇಲ್ದೆ ಅಂಗಳಕ್ಕೂ ಇಳೀಬೇಡಿ, ತರಗು ಗುಡಿಸೋವಾಗ ಗಂಬೂಟ್ ಹಾಕಿ, ಸೌದೆ ರಾಶಿ ಗೋಡೆಗೆ ತಾಗದಂಗೆ ದೂರ ಒಟ್ಟಿ, ಇಲಿ ಇದ್ರೆ ಹಾವು ಬಂದೇ ಬರುತ್ತೆ. ಕಚ್ಚಿದ್ರೆ ಕಟ್ಟೋದು ಕೊಯ್ಯೋದು ಬೇಡ, ಕೈಕಾಲು ಅಲ್ಲಾಡಿಸದೆ ಸೀದಾ ಆಸ್ಪತ್ರೆ. ಹತ್ತಿರದಲ್ಲಿ ಆಂಟಿವೆನಮ್ ಎಲ್ಲಿದೆ, ವೆಂಟಿಲೇಟರ್ ಎಲ್ಲಿದೆ, ಇವತ್ತೇ ಫೋನ್ ಮಾಡಿ ಕೇಳಿಟ್ಕೊಳಿ.