ಬೆಟ್ಟು, ಬೈಲು, ಕೋಡಿ, ಕುದ್ರು: ಉಡುಪಿ ಕಡೆಯ ಜಾಗದ ಹೆಸರುಗಳು

ಉಡುಪಿ ಸುತ್ತಮುತ್ತ ‘ಬೆಟ್ಟು’ ಎಂದು ಮುಗಿಯುವ ಹೆಸರು ಇಷ್ಟೊಂದಿದ್ದರೂ ಬೆಟ್ಟ ಏಕಿಲ್ಲ ಎಂಬ ಪ್ರಶ್ನೆಗೆ: ಅಲ್ಲಿ ಬೆಟ್ಟ ಹುಡುಕಬೇಡಿ, ಗದ್ದೆ ನೋಡಿ. ತುಳುನಾಡಿನ ಗದ್ದೆಗಳು ನೀರಿನ ಲೆಕ್ಕದಲ್ಲಿ ಮೂರು ಬಗೆ. ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು, ಅದರ ಮೇಲಿನ ಮಟ್ಟ ಮಜಲು, ಇನ್ನೂ ಮೇಲೆ ಮಳೆಯನ್ನೇ ನಂಬಿದ್ದು ಬೆಟ್ಟು. ನೀರಿನ ಅನುಕೂಲವಿದ್ದರೆ ಬೈಲಿನಲ್ಲಿ ಏಣಿಲು (ಮಳೆಗಾಲದ ಬೆಳೆ), ಸುಗ್ಗಿ, ಕೊಳಕೆ ಎಂದು ಭತ್ತದ ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಏಣಿಲು ಒಂದೇ. ಕುಂಜಿಬೆಟ್ಟು, ಹಿರೇಬೆಟ್ಟುಗಳ ವಿಚಾರ ಬಂದಾಗ ಮೊದಲು ಪರಿಶೀಲಿಸಬೇಕಾದ್ದು ಈ ಅರ್ಥ. ಘಟ್ಟದ ಮೇಲಿನ ಕನ್ನಡ ಬಲ್ಲವರು ‘ಬೆಟ್ಟು’ವನ್ನು ‘ಬೆಟ್ಟ’ ಎಂದು ತಿದ್ದಿಬಿಟ್ಟರೆ ಆ ನೆಲದ ಬೇಸಾಯದ ಚರಿತ್ರೆಯೇ ಅಳಿಸಿಹೋಗುತ್ತದೆ. ಇದು ಸಣ್ಣ ನಷ್ಟವಲ್ಲ.

‘ಕೋಡಿ’ಯದೂ ಇದೇ ಪಾಡು. ಬಯಲುಸೀಮೆಯವರಿಗೆ ಕೋಡಿ ಎಂದರೆ ಕೆರೆ ತುಂಬಿ ಹೊರಹರಿಯುವ ಜಾಗ. ಕರಾವಳಿಯಲ್ಲಿ ಅದು ನೆಲದ ತುದಿ, ಹೊಳೆ ಕಡಲು ಸೇರುವಲ್ಲಿ ಚಾಚಿಕೊಂಡ ಮೂಲೆ. ಸ್ವರ್ಣಾ, ಸೀತಾ ನದಿಗಳು ಸಮುದ್ರ ಸೇರುವಲ್ಲಿರುವ ಕೋಡಿಬೆಂಗ್ರೆಯನ್ನು ನಕ್ಷೆಯಲ್ಲಿ ನೋಡಿದರೆ ಬೇರೆ ವಿವರಣೆ ಬೇಡ. ಬೆಂಗ್ರೆ ಎಂದರೆ ಹೊಳೆಗೂ ಕಡಲಿಗೂ ನಡುವಿನ ಮರಳುಪಟ್ಟಿ. ಕುದ್ರು ಎಂದರೆ ಹೊಳೆಯ ನಡುಗಡ್ಡೆ, ಕೆಮ್ಮಣ್ಣು ಬಳಿಯ ತಿಮ್ಮಣ್ಣ ಕುದ್ರುವಿನಂತೆ.

ದಿಕ್ಕಿನ ಹೆಸರುಗಳು ಸುಲಭ: ಪಡು ಪಶ್ಚಿಮ, ಮೂಡು ಪೂರ್ವ, ತೆಂಕ ದಕ್ಷಿಣ, ಬಡ ಉತ್ತರ. ಪಡುತೋನ್ಸೆ–ಮೂಡುತೋನ್ಸೆ, ತೆಂಕನಿಡಿಯೂರು–ಬಡಾನಿಡಿಯೂರು ಪಕ್ಕಪಕ್ಕದ ಜೋಡಿಗಳು. ಪಡುಬಿದ್ರಿ, ಮೂಡುಬಿದಿರೆಗಳು ಹಾಗಲ್ಲ, ದೂರದೂರ ಇವೆ. ಆದ್ದರಿಂದ ‘ಯಾವುದಕ್ಕೆ ಪಡು?’ ಎಂದು ಪ್ರತಿ ಸಲವೂ ಕೇಳಲೇಬೇಕು.

ಹೆಸರು ದಾಖಲಿಸುವವರಿಗೆ ಕೆಲವು ಮಾತು. ಪಹಣಿಯಲ್ಲಿರುವ ಹೆಸರನ್ನು ಮೊದಲೇ ಓದಿ ಹೇಳಬೇಡಿ. ಹೇಳಿದರೆ ಎದುರಿನವರು ‘ಹೌದು, ಅದೇ’ ಎಂದು ತಲೆಯಾಡಿಸುತ್ತಾರೆ, ಆಡುಮಾತಿನ ರೂಪ ಹೊರಗೆ ಬರುವುದೇ ಇಲ್ಲ. ಗದ್ದೆಯ ಅಂಚಿನಲ್ಲಿ ನಿಂತು, ಅಲ್ಲಿ ದುಡಿದವರಿಂದ ಕೇಳಿ. ಹೆಸರನ್ನು ಒಂಟಿಯಾಗಿ ಹೇಳಿಸಿದರೆ ಸಾಲದು, ವಿಭಕ್ತಿ ಸೇರಿಸಿ ವಾಕ್ಯದಲ್ಲಿ ಹೇಳಿಸಿ. ತುಳುವಿನ ಪದಾಂತ್ಯದ ಅರ್ಧ ಉಕಾರ ಕನ್ನಡ ಬರಹದಲ್ಲಿ ಒಮ್ಮೆ ‘ಉ’ ಆಗುತ್ತದೆ, ಒಮ್ಮೆ ಬಿದ್ದೇ ಹೋಗುತ್ತದೆ. ಹಾಗಾಗಿ ಧ್ವನಿಮುದ್ರಣ ಇರಲಿ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಆಡುವವರನ್ನು ಬೇರೆಬೇರೆಯಾಗಿಯೇ ಕೇಳಿ. ಮಂಗಳೂರು ಒಂದಕ್ಕೇ ಕುಡ್ಲ, ಕೊಡಿಯಾಲ್, ಮೈಕಾಲ ಎಂಬ ಹೆಸರುಗಳಿರುವಾಗ ಸಣ್ಣ ಊರುಗಳಲ್ಲೂ ಹೀಗಿರಬಹುದು.

ಆಮೇಲೆ ಕಾಗದ. ಸರ್ವೆ ನಂಬರು, ಹಿಸ್ಸಾ ಬರೆದುಕೊಳ್ಳಿ. ಆಗ ಉಡುಪಿಯೂ ಸೇರಿದ್ದ ದಕ್ಷಿಣ ಕನ್ನಡ 1956ರವರೆಗೆ ಮದರಾಸಿನ ಆಡಳಿತದಲ್ಲಿದ್ದುದರಿಂದ ಹಳೆಯ ಅಡಂಗಲ್ (ಊರಿನ ಜಮೀನು, ಬೆಳೆಗಳ ಲೆಕ್ಕದ ಪುಸ್ತಕ) ಸಿಕ್ಕರೆ ಅದನ್ನೂ ನೋಡಿ. ಅತಿ ಹೆಚ್ಚು ಕೆಡುವುದು ರೋಮನ್ ಲಿಪಿಗೆ ಹೋಗಿ ಮರಳಿ ಕನ್ನಡಕ್ಕೆ ಬಂದ ಹೆಸರುಗಳು. ಅಲ್ಲಿ ಹ್ರಸ್ವ–ದೀರ್ಘ ಇಲ್ಲ, ಲ–ಳ, ಡ–ದ ಬೇರೆಯಾಗುವುದಿಲ್ಲ. ಕೋಡಿ ಕೊಡಿಯಾಗುತ್ತದೆ, ಪಾಡಿ ಪಡಿಯಾಗುತ್ತದೆ. ಅಂಥ ನಕ್ಷೆಯನ್ನು ಜಾಗ ಗುರುತಿಸಲು ಬಳಸಿ, ಕಾಗುಣಿತಕ್ಕೆ ಬೇಡ.

ಅರ್ಥ ಬರೆಯುವುದು ಕೊನೆಗೆ, ಅದೂ ನೆಲಕ್ಕೆ ತಾಳೆ ನೋಡಿ. ಮಣಿಪಾಲದಲ್ಲಿ ‘ಮಣಿ’ ಹುಡುಕುವವರಿಗೆ ಅಲ್ಲಿನ ಮಣ್ಣಪಳ್ಳ ಕೆರೆಯನ್ನು ತೋರಿಸಿ: ತುಳುವಿನಲ್ಲಿ ಪಳ್ಳ ಎಂದರೆ ಕೊಳ.